ಗೇಮ್ ಅಪ್‌ಡೇಟ್ ನಿಂತುಬಿಟ್ಟರೆ: ಅನ್‌ಇನ್‌ಸ್ಟಾಲ್ ಒತ್ತುವ ಮುನ್ನ ನೋಡಬೇಕಾದ್ದು

ಪಿಸಿ ಗೇಮ್‌ಗಳ ಸಪೋರ್ಟ್ ಡೆಸ್ಕಿಗೆ ಬರುವ ದೂರುಗಳಲ್ಲಿ ದೊಡ್ಡ ಪಾಲು ಒಂದೇ ಮಾತಿನಿಂದ ಶುರುವಾಗುತ್ತದೆ: "ಅಪ್‌ಡೇಟ್ ಆಗ್ತಿಲ್ಲ, ಗೇಮ್ ತೆಗೆದು ಮತ್ತೆ ಹಾಕಲಾ?" ಬಹುತೇಕ ಸಂದರ್ಭಗಳಲ್ಲಿ ಉತ್ತರ ಬೇಡ ಎಂದೇ. ತೆಗೆದು ಹಾಕಿದರೆ 60-100 ಜಿಬಿ ಡೇಟಾ ಹೋಗುತ್ತದೆ, ಒಂದು ಇಡೀ ಸಂಜೆ ಹೋಗುತ್ತದೆ. ಕೆಟ್ಟಿದ್ದು ಏನು ಎಂಬ ಗುರುತೂ ಅಳಿಸಿಹೋಗುತ್ತದೆ. ಕಾರಣ ಡಿಸ್ಕಿನಲ್ಲೋ ರ‍್ಯಾಮ್‌ನಲ್ಲೋ ಇದ್ದರೆ ಮುಂದಿನ ಅಪ್‌ಡೇಟಿಗೆ ಅದೇ ಗೋಳು ಮರುಕಳಿಸುತ್ತದೆ. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಅಪ್‌ಡೇಟ್ ಯಾವ ಹಂತದಲ್ಲಿ ನಿಂತಿದೆ?

ಇಲ್ಲಿ ಗೇಮ್ ಕೊಂಡು, ಇಳಿಸಿ, ಅಪ್‌ಡೇಟ್ ಮಾಡುವ ಸ್ಟೀಮ್ ಲಾಂಚರ್‌ನ ಲೆಕ್ಕದಲ್ಲಿ ಹೇಳುತ್ತೇವೆ. ಡೋಟಾ 2, ಕೌಂಟರ್-ಸ್ಟ್ರೈಕ್ 2, ಪಬ್‌ಜಿ ಎಲ್ಲ ಅಲ್ಲೇ ಇವೆ. ಬೇರೆ ಲಾಂಚರ್‌ಗಳಲ್ಲಿ ಬಟನ್‌ಗಳ ಹೆಸರು ಬೇರೆ, ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ.

ಒಂದು ಅಪ್‌ಡೇಟಿನಲ್ಲಿ ಮೂರು ಕೆಲಸ ನಡೆಯುತ್ತವೆ. ಬೇಕಾದ ತುಂಡುಗಳನ್ನು ಸರ್ವರಿನಿಂದ ತರುವುದು, ಹಳೆ ಫೈಲಿನ ಭಾಗಗಳ ಜೊತೆ ಅವನ್ನು ಸೇರಿಸಿ ಹೊಸ ಫೈಲ್ ಕಟ್ಟುವುದು, ಕಟ್ಟಿದ್ದನ್ನು ಗೇಮ್ ಫೋಲ್ಡರಿನಲ್ಲಿ ಹಳೆಯದರ ಜಾಗಕ್ಕೆ ಕೂರಿಸುವುದು. ಸ್ಟೀಮ್ ಪ್ರತಿ ಫೈಲನ್ನೂ ಸುಮಾರು 1 ಎಂಬಿಯ ತುಂಡುಗಳಾಗಿ ಒಡೆದು ನೋಡುತ್ತದೆ, ಬದಲಾದ ತುಂಡುಗಳನ್ನಷ್ಟೇ ತರಿಸುತ್ತದೆ. ಡೌನ್‌ಲೋಡ್ ಚಿಕ್ಕದಾಗಿರುವುದು ಹೀಗೆ. ಆದರೆ ಕಟ್ಟುವ ಕೆಲಸ ಚಿಕ್ಕದಲ್ಲ. 40 ಜಿಬಿಯ ಒಂದೇ ದೊಡ್ಡ ಪ್ಯಾಕ್ ಫೈಲಿನಲ್ಲಿ 200 ಎಂಬಿ ಬದಲಾಗಿದ್ದರೂ ಆ 40 ಜಿಬಿಯನ್ನು ಓದಿ ಪಕ್ಕದಲ್ಲೇ ಹೊಸದಾಗಿ ಬರೆಯಬೇಕು. ಹಾರ್ಡ್ ಡಿಸ್ಕ್‌ನಲ್ಲಿ ಓದು-ಬರಹ ಎರಡೂ ಒಂದೇ ತಟ್ಟೆಯ ಮೇಲೆ ನಡೆಯುವಾಗ ಸೆಕೆಂಡಿಗೆ 40 ಎಂಬಿ ಸಿಕ್ಕರೂ ಹೆಚ್ಚೇ. ಆ ವೇಗದಲ್ಲಿ ಈ ಒಂದು ಫೈಲಿಗೇ 17 ನಿಮಿಷ ಬೇಕು. ಅಷ್ಟು ಹೊತ್ತೂ ನೆಟ್‌ವರ್ಕ್ ಸೊನ್ನೆ ತೋರಿಸುತ್ತಿರುತ್ತದೆ.

ಅದಕ್ಕೇ ಡೌನ್‌ಲೋಡ್ಸ್ ಪುಟದ ಗ್ರಾಫನ್ನು ಓದಲು ಕಲಿಯಬೇಕು. ನೀಲಿ ಪಟ್ಟಿಗಳು ನೆಟ್‌ವರ್ಕ್, ಹಸಿರು ಗೆರೆ ಡಿಸ್ಕ್. ನೀಲಿ ನೆಲಕ್ಕೆ ಅಂಟಿದ್ದು ಹಸಿರು ಮೇಲೆ ಕುಣಿಯುತ್ತಿದ್ದರೆ ಏನೂ ಕೆಟ್ಟಿಲ್ಲ, ಫೈಲ್ ಕಟ್ಟುವ ಕೆಲಸ ನಡೆದಿದೆ. ಕೈ ಹಚ್ಚಬೇಡಿ. "97ಕ್ಕೆ ನಿಂತಿದೆ" ಎನ್ನುವ ದೂರುಗಳಲ್ಲಿ ಎಷ್ಟೋ ಈ ಜಾತಿಯವು. ಈ ಹೊತ್ತಿನಲ್ಲಿ ಪಿಸಿ ರೀಸ್ಟಾರ್ಟ್ ಮಾಡಿದರೆ ಇಲ್ಲದ ತೊಂದರೆಯನ್ನು ನಾವೇ ಹುಟ್ಟಿಸಿದಂತೆ. ಎರಡೂ ಗೆರೆಗಳು ಐದಾರು ನಿಮಿಷ ಸತ್ತು ಮಲಗಿದ್ದರೆ ಮಾತ್ರ ನಿಜವಾಗಿ ನಿಂತಿದೆ ಎಂದು ಲೆಕ್ಕ.

ಎಸ್‌ಎಸ್‌ಡಿ ಇದ್ದವರಿಗೂ ಇದು ತಪ್ಪಿದ್ದಲ್ಲ. ಅಗ್ಗದ ಕ್ಯುಎಲ್‌ಸಿ (ಒಂದು ಕೋಶದಲ್ಲಿ ನಾಲ್ಕು ಬಿಟ್ ತುರುಕುವ) ಎಸ್‌ಎಸ್‌ಡಿಗಳಲ್ಲಿ ಮೊದಲ ಕೆಲವು ಜಿಬಿ ವೇಗದ ಕ್ಯಾಶ್‌ಗೆ, ಅಂದರೆ ತಾತ್ಕಾಲಿಕ ಜಾಗಕ್ಕೆ, ಹೋಗುತ್ತವೆ. ಕ್ಯಾಶ್ ತುಂಬಿದ ಮೇಲೆ ಬರೆಯುವ ವೇಗ ಹಾರ್ಡ್ ಡಿಸ್ಕ್ ಮಟ್ಟಕ್ಕೂ ಇಳಿಯಬಹುದು. ಡ್ರೈವ್ ತುಂಬಿದಷ್ಟೂ ಈ ಕ್ಯಾಶ್ ಕುಗ್ಗುತ್ತದೆ. 256 ಜಿಬಿ ಎಂದು ಕೊಂಡ ಡ್ರೈವ್ ವಿಂಡೋಸ್‌ನಲ್ಲಿ 238 ಎಂದೇ ಕಾಣುವುದು, ಅದರಲ್ಲಿ ವಿಂಡೋಸ್ ಮತ್ತು ಒಂದೆರಡು ಗೇಮ್ ಕೂತರೆ ಉಳಿಯುವುದು ಅಷ್ಟರಲ್ಲೇ. ಗೇಮ್ ಫೋಲ್ಡರಿನ ಅತಿ ದೊಡ್ಡ ಫೈಲ್ ಎಷ್ಟಿದೆಯೋ ಅಷ್ಟು, ಅದರ ಮೇಲೆ ಡೌನ್‌ಲೋಡ್ ಗಾತ್ರ, ಅದರ ಮೇಲೆ ಒಂದು 10 ಜಿಬಿ ಖಾಲಿ ಇರಲಿ. "3 ಜಿಬಿ ಅಪ್‌ಡೇಟಿಗೆ 45 ಜಿಬಿ ಕೇಳ್ತಿದೆ" ಎಂದು ಸಿಟ್ಟಾಗುವವರು ಗೇಮ್ ಫೋಲ್ಡರನ್ನು ಗಾತ್ರದ ಪ್ರಕಾರ ಜೋಡಿಸಿ ನೋಡಿದರೆ ಕಾರಣ ಕಣ್ಣಿಗೇ ಬೀಳುತ್ತದೆ.

ಇನ್ನು ಎರರ್ ಸಂದೇಶಗಳು. ಪರದೆಯ ಮೇಲೆ ಬರುವುದು ಒಂದೇ ಸಾಲು, ಪೂರ್ತಿ ವಿವರ ಲಾಗ್‌ನಲ್ಲಿರುತ್ತದೆ. ಸ್ಟೀಮ್ ಇನ್‌ಸ್ಟಾಲ್ ಆದ ಫೋಲ್ಡರಿನೊಳಗೆ ಲಾಗ್ಸ್ ಎಂಬ ಫೋಲ್ಡರ್ ಇದೆ, ಅದರಲ್ಲಿ ಕಂಟೆಂಟ್ ಲಾಗ್ ಎಂಬ ಟೆಕ್ಸ್ಟ್ ಫೈಲ್. ನೋಟ್‌ಪ್ಯಾಡಿನಲ್ಲಿ ತೆರೆದು ಕೆಳತುದಿಗೆ ಹೋಗಿ, ಗೇಮಿನ ಆ್ಯಪ್ ಐಡಿ ಹುಡುಕಿ: ಡೋಟಾ 2ಕ್ಕೆ 570, ಕೌಂಟರ್-ಸ್ಟ್ರೈಕ್ 2ಕ್ಕೆ 730, ಪಬ್‌ಜಿಗೆ 578080. ಅಪ್‌ಡೇಟ್ ಯಾವ ಗಳಿಗೆಯಲ್ಲಿ, ಯಾವ ಕಾರಣಕ್ಕೆ ರದ್ದಾಯಿತು ಎಂಬುದು ಅಲ್ಲಿ ಬರೆದಿರುತ್ತದೆ, ಹಲವು ಸಲ ಫೈಲಿನ ಹೆಸರಿನ ಸಮೇತ. ಆ ಹೆಸರು ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ.

"ಕಂಟೆಂಟ್ ಫೈಲ್ ಲಾಕ್ಡ್" ಎಂದರೆ ಬೇರೊಂದು ಪ್ರೋಗ್ರಾಂ ಆ ಫೈಲನ್ನು ಹಿಡಿದುಕೊಂಡಿದೆ. ಯಾರು ಹಿಡಿದಿದ್ದಾರೆ ಎಂದು ಊಹಿಸಬೇಕಾಗಿಲ್ಲ. ರಿಸೋರ್ಸ್ ಮಾನಿಟರ್ ತೆರೆದು ಸಿಪಿಯು ಟ್ಯಾಬಿನಲ್ಲಿ ಅಸೋಸಿಯೇಟೆಡ್ ಹ್ಯಾಂಡಲ್ಸ್ ಪೆಟ್ಟಿಗೆಗೆ ಫೈಲಿನ ಹೆಸರು ಹಾಕಿ, ಹಿಡಿದ ಪ್ರೋಗ್ರಾಂ ಪಟ್ಟಿಯಲ್ಲಿ ಬರುತ್ತದೆ. ಸಾಮಾನ್ಯವಾಗಿ ಅದು ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಉಳಿದ ಗೇಮ್ ಪ್ರಕ್ರಿಯೆ, ಇಲ್ಲವೇ ಆ್ಯಂಟಿವೈರಸ್. ಆ್ಯಂಟಿವೈರಸ್ ಆಗಿದ್ದರೆ ಪೂರ್ತಿ ಆಫ್ ಮಾಡುವ ಚಾಳಿ ಬೇಡ, ಸ್ಟೀಮ್ ಲೈಬ್ರರಿ ಫೋಲ್ಡರನ್ನು ಎಕ್ಸ್‌ಕ್ಲೂಷನ್‌ಗೆ ಸೇರಿಸಿದರೆ ಸಾಕು. ವಿಂಡೋಸ್ ಸೆಕ್ಯುರಿಟಿಯಲ್ಲಿ ಪ್ರೊಟೆಕ್ಷನ್ ಹಿಸ್ಟರಿಯನ್ನೂ ನೋಡಿ. ಗೇಮಿನ ಫೈಲೊಂದು ಕ್ವಾರಂಟೈನ್ ಆಗಿದ್ದರೆ ವೆರಿಫೈ (ಫೈಲ್‌ಗಳ ತಾಳೆ ಪರೀಕ್ಷೆ, ವಿಧಾನ ಮುಂದಿದೆ) ಎಷ್ಟು ಸಲ ಮಾಡಿದರೂ ಸ್ಟೀಮ್ ತಂದಿಡುವುದು, ಆ್ಯಂಟಿವೈರಸ್ ಎತ್ತಿಕೊಂಡು ಹೋಗುವುದು, ಇದೇ ನಡೆಯುತ್ತದೆ.

"ಡಿಸ್ಕ್ ರೈಟ್ ಎರರ್" ಮತ್ತು "ಮಿಸ್ಸಿಂಗ್ ಫೈಲ್ ಪ್ರಿವಿಲೆಜಸ್" ಹೆಚ್ಚಾಗಿ ಬರುವುದು ವಿಂಡೋಸ್ ಹೊಸದಾಗಿ ಹಾಕಿ, ಡಿ ಡ್ರೈವಿನ ಹಳೆ ಲೈಬ್ರರಿಯನ್ನೇ ಮುಂದುವರಿಸಿದವರಿಗೆ. ಆ ಫೋಲ್ಡರಿನ ಒಡೆತನ ಈಗ ಇಲ್ಲದ ಹಳೆ ಯೂಸರ್ ಹೆಸರಿನಲ್ಲಿ ಉಳಿದಿರುತ್ತದೆ. ಸ್ಟೀಮ್ ಸೆಟ್ಟಿಂಗ್ಸ್‌ನ ಸ್ಟೋರೇಜ್ ಪುಟದಲ್ಲಿ ಆ ಡ್ರೈವ್ ಆರಿಸಿ, ಮೂರು ಚುಕ್ಕೆಯ ಮೆನುವಿನಿಂದ ರಿಪೇರ್ ಫೋಲ್ಡರ್ ಒತ್ತಿ. ಅದೂ ಆಗದಿದ್ದರೆ ಸ್ಟೀಮ್ ಮುಚ್ಚಿ, ಸ್ಟೀಮ್‌ಆ್ಯಪ್ಸ್ ಒಳಗಿನ ಡೌನ್‌ಲೋಡಿಂಗ್ ಫೋಲ್ಡರಿನಲ್ಲಿ ಆ ಆ್ಯಪ್ ಐಡಿಯ ಉಪಫೋಲ್ಡರ್ ಒಂದನ್ನೇ ಅಳಿಸಿ ಮತ್ತೆ ಶುರು ಮಾಡಿ. ಅಲ್ಲಿರುವುದು ಅರ್ಧ ಬಂದ ತುಂಡುಗಳು ಮಾತ್ರ, ಆಡುತ್ತಿದ್ದ ಗೇಮಿಗೆ ಧಕ್ಕೆಯಿಲ್ಲ. ಹೊರಗಿನ ಡ್ರೈವಿನಲ್ಲಿ ಗೇಮ್ ಇದ್ದರೆ ಫಾರ್ಮ್ಯಾಟ್ ಪರೀಕ್ಷಿಸಿ. ಫ್ಯಾಟ್32 ಆದರೆ 4 ಜಿಬಿ ಮೀರಿದ ಒಂದು ಫೈಲೂ ಅದರಲ್ಲಿ ನಿಲ್ಲದು.

ನಮ್ಮ ಕಡೆ ವಿಶೇಷವಾಗಿ ಗಮನಿಸಬೇಕಾದ್ದು ಕರೆಂಟ್. ಯುಪಿಎಸ್ ಇಲ್ಲದ ಪಿಸಿಯಲ್ಲಿ ಫೈಲ್ ಕೂರಿಸುವ ಹೊತ್ತಿಗೆ ಕರೆಂಟ್ ಹೋದರೆ ಏನಾಗುತ್ತದೆ ನೋಡಿ: ವಿಂಡೋಸ್‌ನ ಫೈಲ್ ಸಿಸ್ಟಮ್ ಆದ ಎನ್‌ಟಿಎಫ್‌ಎಸ್‌ನ ಜರ್ನಲ್ (ಬದಲಾವಣೆಗಳ ದಾಖಲೆ) ಫೈಲಿನ ಹೆಸರು, ಗಾತ್ರ, ಜಾಗದ ಲೆಕ್ಕವನ್ನು ಕಾಯುತ್ತದೆ, ಒಳಗಿನ ಡೇಟಾವನ್ನು ಕಾಯುವುದಿಲ್ಲ. ಹಾಗಾಗಿ ಕರೆಂಟ್ ಬಂದ ಮೇಲೆ ಫೈಲ್ ಇದೆ, ಹೆಸರು ಸರಿ, ಗಾತ್ರವೂ ಬೈಟಿಗೆ ಬೈಟ್ ಸರಿ. ಬೈಟುಗಳನ್ನೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದರೆ ನಡುವೆ ಪುಟಗಟ್ಟಲೆ 00 00 00 00. ಅದಕ್ಕೇ ಕಣ್ಣಳತೆಯಲ್ಲಿ ಫೋಲ್ಡರ್ ನೋಡಿ "ಎಲ್ಲ ಇದೆಯಲ್ಲ" ಎನ್ನುವಂತಿಲ್ಲ, ಪ್ರತಿ ತುಂಡಿನ ಹ್ಯಾಶ್ (ಒಳಗಿನ ಡೇಟಾದಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ತಾಳೆ ನೋಡುವ ವೆರಿಫೈ ಬೇಕೇ ಬೇಕು. ಗೇಮಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಇನ್‌ಸ್ಟಾಲ್ಡ್ ಫೈಲ್ಸ್, ವೆರಿಫೈ ಇಂಟೆಗ್ರಿಟಿ. ಅದಕ್ಕೂ ಮೊದಲು ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ಆ ಡ್ರೈವಿಗೆ ಚೆಕ್ ಡಿಸ್ಕ್ ಓಡಿಸಿಕೊಳ್ಳಿ. ಹೊಯ್ದಾಡುವ ಫೈಲ್ ಸಿಸ್ಟಮ್ಮಿನ ಮೇಲೆ ಹೊಸ ಫೈಲ್ ಬರೆದು ಲಾಭವಿಲ್ಲ.

ಕರೆಂಟ್ ಹೋದ ಮೇಲೆ ಗೇಮ್ ಲೈಬ್ರರಿಯಲ್ಲಿ ಇನ್‌ಸ್ಟಾಲ್ ಆಗದಂತೆ ಕಂಡರೂ ಗಾಬರಿ ಬೇಡ. ಗೇಮ್ ಇದೆ ಎಂದು ಸ್ಟೀಮ್‌ಗೆ ಹೇಳುವ ಚಿಕ್ಕ ಮ್ಯಾನಿಫೆಸ್ಟ್ ಫೈಲ್ ಹಾಳಾಗಿದೆ, ಅಷ್ಟೆ. ಅದೇ ಡ್ರೈವಿನ ಅದೇ ಲೈಬ್ರರಿಗೆ ಇನ್‌ಸ್ಟಾಲ್ ಕೊಟ್ಟರೆ ಸ್ಟೀಮ್ ಮೊದಲು ಇರುವ ಫೈಲ್‌ಗಳನ್ನು ಪತ್ತೆ ಹಚ್ಚಿ, ಕೊರತೆಯಾದದ್ದನ್ನಷ್ಟೇ ತರಿಸುತ್ತದೆ. ಫೋಲ್ಡರ್ ಅಳಿಸಿದವರಿಗೆ ಮಾತ್ರ ಪೂರ್ತಿ ಡೌನ್‌ಲೋಡ್.

ವೆರಿಫೈ ಫಲಿತಾಂಶವನ್ನು ಸುಮ್ಮನೆ ದಾಟಿಸಬೇಡಿ, ಈ ಕೆಲಸದಲ್ಲಿ ಅತಿ ಹೆಚ್ಚು ಸುಳಿವು ಸಿಗುವುದು ಅಲ್ಲೇ. ಒಂದೆರಡು ಫೈಲ್ ತಪ್ಪಾಗಿದೆ ಎಂದು ಬರುವುದು ಸಹಜ, ಗೇಮ್ ತಾನೇ ತಿದ್ದುವ ಕಾನ್ಫಿಗ್ ಫೈಲ್‌ಗಳು ಪ್ರತಿ ಸಲ ಹೀಗೆ ಸಿಕ್ಕಿಬೀಳುತ್ತವೆ. ಹತ್ತಿಪ್ಪತ್ತು ಫೈಲ್ ಬಂದರೆ ಸರಿಪಡಿಸಲು ಬಿಟ್ಟು, ಕೂಡಲೇ ಇನ್ನೊಮ್ಮೆ ವೆರಿಫೈ ಮಾಡಿ ಲಾಗ್ ಹೋಲಿಸಿ. ಎರಡೂ ಸಲ ಅದೇ ಫೈಲ್ ಕೆಟ್ಟಿದ್ದರೆ ಡಿಸ್ಕಿನ ಆ ಜಾಗ ಅಥವಾ ಆ್ಯಂಟಿವೈರಸ್ ಮೇಲೆ ಅನುಮಾನ. ಪ್ರತಿ ಸಲ ಬೇರೆ ಬೇರೆ ಫೈಲ್ ಕೆಟ್ಟಿದೆ ಎಂದು ಬರುತ್ತಿದ್ದರೆ ಫೈಲ್‌ಗಳು ಬಹುಶಃ ಸರಿಯೇ ಇವೆ, ಓದುವ ಯಂತ್ರ ತಪ್ಪುತ್ತಿದೆ: ರ‍್ಯಾಮ್, ಸಿಪಿಯು ಅಥವಾ ಸಾಟಾ ಕೇಬಲ್.

ಡಿಸ್ಕ್, ಕೇಬಲ್, ರ‍್ಯಾಮ್ ಮೂರನ್ನೂ ಬೇರ್ಪಡಿಸಬಹುದು. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಪ್ರೋಗ್ರಾಂ ತೆರೆದು ಸ್ಮಾರ್ಟ್ (ಡಿಸ್ಕ್ ತಾನೇ ಇಡುವ ದೋಷಗಳ ಲೆಕ್ಕ) ಪಟ್ಟಿಯಲ್ಲಿ 05, ಸಿ5, ಸಿ6 ಸಾಲುಗಳ ರಾ ಮೌಲ್ಯ ನೋಡಿ, ಸೊನ್ನೆಗಿಂತ ಹೆಚ್ಚಿದ್ದು ಏರುತ್ತಿದ್ದರೆ ಡಿಸ್ಕ್ ಹೋಗುವ ದಾರಿಯಲ್ಲಿದೆ. ಸಿ7 ಒಂದೇ ಏರುತ್ತಿದ್ದರೆ ಡಿಸ್ಕ್ ಅಲ್ಲ, ಕೇಬಲ್ ಬದಲಿಸಿ. ಈವೆಂಟ್ ವ್ಯೂವರಿನ ಸಿಸ್ಟಮ್ ಲಾಗ್‌ನಲ್ಲಿ ಡಿಸ್ಕ್ ಮೂಲದ ಐಡಿ 7 ಎಂದರೆ ಕೆಟ್ಟ ಬ್ಲಾಕ್, 153 ಎಂದರೆ ಓದು-ಬರಹವನ್ನು ಮತ್ತೆ ಪ್ರಯತ್ನಿಸಬೇಕಾಯಿತು ಎಂದರ್ಥ. ಇದ್ಯಾವುದೂ ಇಲ್ಲದಿದ್ದರೆ ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್ ಪುಟ) ಎಕ್ಸ್‌ಎಂಪಿ, ಅಂದರೆ ರ‍್ಯಾಮ್ ಅನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್, ಆಫ್ ಮಾಡಿ ವೆರಿಫೈ ಮತ್ತೆ ಓಡಿಸಿ. ಆಗ ಶುದ್ಧವಾಗಿ ಬಂದರೆ ರ‍್ಯಾಮ್ ಆ ವೇಗಕ್ಕೆ ನಿಲ್ಲುತ್ತಿಲ್ಲ. ಖಾತ್ರಿಗೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಿಸಿ.

ಇಂಟೆಲ್ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದವರು ಬಯೋಸ್ ಆವೃತ್ತಿಯನ್ನೂ ನೋಡಲೇಬೇಕು. ಹೆಚ್ಚಿನ ವೋಲ್ಟೇಜಿನಿಂದ ಆ ಚಿಪ್‌ಗಳು ಕ್ರಮೇಣ ಅಸ್ಥಿರವಾಗುವ ದೋಷ 2024ರಲ್ಲಿ ದೃಢಪಟ್ಟಿತು. ಅನ್‌ರಿಯಲ್ ಎಂಜಿನ್ ಗೇಮ್‌ಗಳಲ್ಲಿ ಅದು ಡಿಕಂಪ್ರೆಷನ್ ಎರರ್ ಆಗಿಯೋ, ವಿಡಿಯೋ ಮೆಮೊರಿ ಸಾಲದು ಎಂಬ ಸುಳ್ಳು ಸಂದೇಶವಾಗಿಯೋ ಕಾಣಿಸುತ್ತಿತ್ತು. ಇಂಟೆಲ್ 2024ರ ಆಗಸ್ಟಿನಲ್ಲಿ 0ಎಕ್ಸ್129, ನಂತರ 0ಎಕ್ಸ್12ಬಿ ಮೈಕ್ರೋಕೋಡ್ (ಬಯೋಸ್ ಅಪ್‌ಡೇಟಿನೊಂದಿಗೆ ಬರುವ ಚಿಪ್ಪಿನ ಒಳ ತಿದ್ದುಪಡಿ) ಕೊಟ್ಟು ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಮೈಕ್ರೋಕೋಡ್ ಮುಂದಿನ ಹಾನಿ ತಡೆಯುತ್ತದೆ, ಆಗಲೇ ಹಾಳಾದ ಚಿಪ್ ಸರಿಯಾಗದು. ಬಯೋಸ್ ಅಪ್‌ಡೇಟ್ ಆದಮೇಲೂ ಎರರ್ ಬಂದರೆ ವಾರಂಟಿ ಕೇಳುವುದೇ ದಾರಿ, ಗೇಮನ್ನು ಹತ್ತು ಸಲ ಮರುಹಾಕಿದರೂ ಪ್ರಯೋಜನವಿಲ್ಲ.

ನೆಟ್‌ವರ್ಕ್ ಕಡೆಯ ದೂರುಗಳು ಸುಲಭ. 100 ಎಂಬಿಪಿಎಸ್ ಸಂಪರ್ಕದಲ್ಲಿ ಸ್ಟೀಮ್ ತೋರಿಸುವ ಗರಿಷ್ಠ ಸೆಕೆಂಡಿಗೆ 12.5 ಎಂಬಿ, ಒಂದು ಬಿಟ್ಟುಗಳ ಲೆಕ್ಕ, ಇನ್ನೊಂದು ಬೈಟುಗಳ ಲೆಕ್ಕ. ಬಂದ ತುಂಡುಗಳನ್ನು ಬಿಚ್ಚುವುದು ಸಿಪಿಯು ಕೆಲಸ, ಹಳೆಯ ಎರಡು ಕೋರಿನ ಪಿಸಿಯಲ್ಲಿ ಅಲ್ಲೇ ವೇಗ ಸಿಕ್ಕಿಹಾಕಿಕೊಳ್ಳುತ್ತದೆ. ಡೌನ್‌ಲೋಡ್ ರೀಜನ್ ಚೆನ್ನೈ ಇದ್ದರೆ ಮುಂಬೈಗೆ, ಮುಂಬೈ ಇದ್ದರೆ ಚೆನ್ನೈಗೆ ಬದಲಿಸಿ ನೋಡಿ. ಕ್ಲಿಯರ್ ಡೌನ್‌ಲೋಡ್ ಕ್ಯಾಶ್ ಒತ್ತಿದರೆ ಮತ್ತೆ ಲಾಗಿನ್ ಕೇಳುತ್ತದೆ, ಪಾಸ್‌ವರ್ಡ್ ಕೈಯಲ್ಲಿರಲಿ. ಬುಧವಾರ ನಸುಕಿನಲ್ಲಿ ಸ್ಟೀಮ್ ಸ್ವಲ್ಪ ಹೊತ್ತು ಕೈಕೊಟ್ಟರೆ ಅದು ವಾರದ ನಿರ್ವಹಣೆ, ಕಾದರೆ ಸಾಕು.

ವೆಬ್ ಪುಟಗಳು ಸರಿಯಾಗಿ ತೆರೆದು ದೊಡ್ಡ ಡೌನ್‌ಲೋಡ್ ಮಾತ್ರ ಮತ್ತೆ ಮತ್ತೆ ನಿಲ್ಲುತ್ತಿದ್ದರೆ ಎಂಟಿಯು (ಒಂದು ಪ್ಯಾಕೆಟಿನ ಗರಿಷ್ಠ ಗಾತ್ರ, ಬೈಟುಗಳಲ್ಲಿ) ಪರೀಕ್ಷಿಸಿ. ಪಿಪಿಪಿಒಇ (ಯೂಸರ್ ಹೆಸರು, ಪಾಸ್‌ವರ್ಡ್ ಹಾಕುವ) ಲಾಗಿನ್ ಇರುವ ಬ್ರಾಡ್‌ಬ್ಯಾಂಡಿನಲ್ಲಿ ಸರಿಯಾದ ಮೌಲ್ಯ 1500 ಅಲ್ಲ, 1492. ಕಮಾಂಡ್ ಪ್ರಾಂಪ್ಟಿನಲ್ಲಿ ಪಿಂಗ್ ಆಜ್ಞೆಗೆ ಪ್ಯಾಕೆಟ್ ಒಡೆಯಬೇಡ ಎನ್ನುವ ಆಯ್ಕೆಯೊಂದಿಗೆ 1464 ಗಾತ್ರ ಕೊಟ್ಟು 8.8.8.8ಕ್ಕೆ ಕಳಿಸಿ, 28 ಬೈಟ್ ಹೆಡರ್ ಸೇರಿ 1492 ಆಗುತ್ತದೆ. ಅದು ಹೋಗಿ 1472 ಹೋಗದಿದ್ದರೆ ರೂಟರಿನಲ್ಲಿ ಎಂಟಿಯು 1492 ಎಂದು ಇಡಿ.

ಹಳೆ ಪಿಸಿಗಳಲ್ಲಿ ಇನ್ನೊಂದಿದೆ. ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಸೆಲ್ ಸತ್ತಿದ್ದರೆ ಕರೆಂಟ್ ಹೋದಾಗಲೆಲ್ಲ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಓಡುತ್ತದೆ. ತಾರೀಖು ತಪ್ಪಿದರೆ ಸರ್ವರಿನ ಪ್ರಮಾಣಪತ್ರ ಒಪ್ಪಿಗೆಯಾಗದು, ಲಾಂಚರ್ "ನೋ ಕನೆಕ್ಷನ್" ಎನ್ನುತ್ತದೆ. ಹೊಸ ಸೆಲ್ ಮಲ್ಟಿಮೀಟರಿನಲ್ಲಿ 3 ವೋಲ್ಟಿಗಿಂತ ತುಸು ಮೇಲೆ ತೋರಿಸುತ್ತದೆ, 2.7ಕ್ಕೆ ಇಳಿದಿದ್ದರೆ ಬದಲಿಸಿ. ಕೆಲವು ಬೋರ್ಡುಗಳಲ್ಲಿ ಇದರೊಂದಿಗೆ ಸೆಕ್ಯೂರ್ ಬೂಟ್ (ನಂಬಿಕೆಯ ಸಾಫ್ಟ್‌ವೇರ್‌ನಿಂದಷ್ಟೇ ಪಿಸಿ ಶುರುವಾಗಲು ಬಿಡುವ) ಸೆಟ್ಟಿಂಗೂ ಅಳಿಸಿಹೋಗುತ್ತದೆ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡುವವರಿಗೆ ಆಗ ವ್ಯಾನ್ 9003 ಎಂಬ ಎರರ್ ಬರುತ್ತದೆ, ಅಪ್‌ಡೇಟೇ ಕೆಟ್ಟಿತು ಎಂದು ಅವರು ತಿಳಿಯುತ್ತಾರೆ. ಐವತ್ತು ರೂಪಾಯಿಯೊಳಗಿನ ಸೆಲ್ ಮತ್ತು ಬಯೋಸ್‌ನಲ್ಲಿ ಒಂದು ಬದಲಾವಣೆ, ಅಷ್ಟರಲ್ಲಿ ಮುಗಿಯುವ ಕೆಲಸ.

ಅಪ್‌ಡೇಟ್ ಮುಗಿದೂ ಸರ್ವರ್ "ಆವೃತ್ತಿ ಬೇರೆ" ಎಂದರೆ ಪ್ರಾಪರ್ಟೀಸ್‌ನ ಬೀಟಾಸ್‌ನಲ್ಲಿ (ಪರೀಕ್ಷಾ ಆವೃತ್ತಿಗಳ ಪಟ್ಟಿ) "ನನ್" (ಯಾವುದೂ ಬೇಡ) ಇದೆಯೇ ನೋಡಿ, ಸ್ಟೀಮ್ ಪೂರ್ತಿ ಎಕ್ಸಿಟ್ ಮಾಡಿ ತೆರೆಯಿರಿ. ಮೊದಲ ಬಾರಿ ಗೇಮ್ ತಡವಾಗಿ ತೆರೆದು ತೊದಲಿದರೆ ಶೇಡರ್‌ಗಳು (ಚಿತ್ರ ಬಿಡಿಸುವ ಚಿಕ್ಕ ಪ್ರೋಗ್ರಾಂಗಳು) ಹೊಸದಾಗಿ ತಯಾರಾಗುತ್ತಿವೆ, ಬಿಟ್ಟುಬಿಡಿ.

ಗೇಮಿಂಗ್ ಕೆಫೆ ನಡೆಸುವವರು ಹತ್ತು ಪಿಸಿಗೆ ಹತ್ತು ಸಲ ಡೌನ್‌ಲೋಡ್ ಮಾಡಬೇಕಿಲ್ಲ. ಡೌನ್‌ಲೋಡ್ಸ್ ಸೆಟ್ಟಿಂಗಿನಲ್ಲಿ ಲೋಕಲ್ ನೆಟ್‌ವರ್ಕ್ ಮೂಲಕ ಗೇಮ್ ಫೈಲ್ ವರ್ಗಾವಣೆ 2023ರಿಂದ ಇದೆ. ಒಂದು ಪಿಸಿ ಪೂರ್ತಿ ಅಪ್‌ಡೇಟ್ ಮಾಡಿ, ವೆರಿಫೈ ಮಾಡಿ, ಅದರಿಂದ ಉಳಿದವಕ್ಕೆ ಹಂಚಿ.

ಇಷ್ಟೆಲ್ಲ ಆಗಿಯೂ ಬಗೆಹರಿಯದೆ ಟಿಕೆಟ್ ಹಾಕುವಾಗ ಕಂಟೆಂಟ್ ಲಾಗ್‌ನ ಕೊನೆಯ ಐವತ್ತು ಸಾಲು, ಡೌನ್‌ಲೋಡ್ಸ್ ಗ್ರಾಫಿನ ಚಿತ್ರ, ಡ್ರೈವಿನ ಖಾಲಿ ಜಾಗ, ಎರಡು ಸಲದ ವೆರಿಫೈ ಫಲಿತಾಂಶ ಜೊತೆಗಿಡಿ. ಇವು ಮೊದಲ ಸಂದೇಶದಲ್ಲೇ ಇದ್ದರೆ ಸಪೋರ್ಟಿನವರು "ಪಿಸಿ ರೀಸ್ಟಾರ್ಟ್ ಮಾಡಿದಿರಾ" ಎಂಬಲ್ಲಿಂದ ಶುರು ಮಾಡಬೇಕಾಗುವುದಿಲ್ಲ.