ಹತ್ತು ಹೋಯಿತು, ಏಳು ಉಳಿಯಿತು

ಬಾಗಲಕೋಟೆ, 9 ನವೆಂಬರ್ 2025, ಭಾನುವಾರ

ಲಗ್ನಪತ್ರ, ಕರಪತ್ರ ಮಾಡುವ ನಮ್ಮ ಡಿಟಿಪಿ ಅಂಗಡಿಯ ಮುಂದಿನ ಕಂಪ್ಯೂಟರಿನಿಂದ ಇವತ್ತು ವಿಂಡೋಸ್ 10 ತೆಗೆಸಿ ಲಿನಕ್ಸ್ ಮಿಂಟ್ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಸಿದೆ. ಒಳಗಿನ ಕೋಣೆಯ ಕಂಪ್ಯೂಟರಿನಲ್ಲಿ ವಿಂಡೋಸ್ 7 ಇದೆ, ಅದು ಹಾಗೇ ಇರುತ್ತದೆ. ರಿಪೇರಿ ಹುಡುಗನಿಗೆ ನಗು. "ಅಕ್ಕಾರ, ಹೊಸಾದು ತಗದ್ರಿ, ಹಳೇದು ಇಟ್ಕೊಂಡ್ರಿ. ಇದೆಂಥಾ ಲೆಕ್ಕಾರೀ?" ಅಂದ. ಲೆಕ್ಕ ಇದೆ. ಅವನಿಗೆ ಹೇಳುತ್ತಾ ಕೂತರೆ ಚಹಾ ಆರುತ್ತಿತ್ತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮುಂದಿನದರ ಕಥೆ ಸಣ್ಣದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಭದ್ರತಾ ಅಪ್‌ಡೇಟು ಅಕ್ಟೋಬರ್ 14ಕ್ಕೆ ನಿಂತಿತು. ಹೆಸರು ನೋಂದಾಯಿಸಿದವರಿಗೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ. ಆಮೇಲೆ ಮತ್ತೆ ಇದೇ ಪ್ರಶ್ನೆ. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನದೋ ಅದರ ಮೇಲಿನದೋ ಪ್ರೊಸೆಸರ್ ಬೇಕು. ನಮ್ಮದು ಆರನೇ ತಲೆಮಾರಿನದು. ಎಸ್‌ಎಸ್‌ಡಿ, ಅಂದರೆ ವೇಗದ ಡಿಸ್ಕು, ಹಾಕಿಸಿದ ಮೇಲೆ ಚೆನ್ನಾಗಿಯೇ ಓಡುತ್ತಿದೆ. ಕೆಟ್ಟಿಲ್ಲದ ಯಂತ್ರವನ್ನು ಕೆಟ್ಟಿದೆ ಅಂತ ಒಪ್ಪಿಕೊಳ್ಳುವುದು ನನಗೆ ಆಗದ ಮಾತು. "ಆ ಚೆಕಿಂಗ್ ತಪ್ಪಿಸಿ ಹನ್ನೊಂದು ಕೂಡಸ್ತೀನ್ರೀ, ಏನಾಗೂದಿಲ್ಲ" ಅಂದ ಹುಡುಗ. ಹಾಗೆ ಕೂಡಿಸಿದ ಯಂತ್ರಕ್ಕೆ ಅಪ್‌ಡೇಟು ಬಂದೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಅಪ್‌ಡೇಟಿಗಾಗಿಯೇ ಬದಲಾಯಿಸುತ್ತಿರುವಾಗ ಆ ದಾರಿಯಲ್ಲಿ ಏನು ಅರ್ಥ?

ಮಿಂಟ್ ಪುಕ್ಕಟೆ ಅನ್ನುವುದು ಮಾತ್ರ ಕಾರಣವಲ್ಲ. ಪುಕ್ಕಟೆ ನಮ್ಮ ಓಣಿಗೆ ಹೊಸದಲ್ಲ. ಇಲ್ಲಿ ವಿಂಡೋಸಿಗೆ ದುಡ್ಡು ಕೊಟ್ಟವರನ್ನು ಹುಡುಕಬೇಕು! ನನ್ನನ್ನು ಒಪ್ಪಿಸಿದ್ದು ಬೇರೆ. ಪೆನ್‌ಡ್ರೈವಿನಿಂದಲೇ ಅದನ್ನು ಚಾಲೂ ಮಾಡಿ, ಡಿಸ್ಕನ್ನು ಮುಟ್ಟದೆ, ನಮ್ಮ ಕೆಲಸವೆಲ್ಲ ಆಗುತ್ತದೋ ಇಲ್ಲವೋ ನೋಡಬಹುದು. ನೋಡಿದೆವು. ಪಹಣಿ ತೆಗೆಯುವುದು, ಸೇವಾ ಸಿಂಧು ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಎಲ್ಲ ಬ್ರೌಸರಿನಲ್ಲೇ ಆಗುವಂಥವು. ಕೆಲಸಕ್ಕೆ ಬರುವ ಹುಡುಗಿ ಕೂತು ಅರ್ಜಿ ತುಂಬಿದಳು, ಎದ್ದು ಹೋದಳು. ಏನೋ ಬದಲಾಗಿದೆ ಅಂತ ಕೇಳಲೂ ಇಲ್ಲ. ಮಿಂಟಿನ ಈಗಿನ 22ರ ಸರಣಿಗೆ 2029ರವರೆಗೆ ಅಪ್‌ಡೇಟು ಬರುತ್ತದೆ.

ನನಗಿದ್ದ ಹೆದರಿಕೆ ಕೀಲಿಮಣೆಯದು. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಕೈ ಕೂತುಬಿಟ್ಟಿದೆ, ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆ. ಅದು ಬಿಟ್ಟು ಇನ್ನೊಂದು ಕಲಿ ಅಂದರೆ ಈ ವಯಸ್ಸಿನಲ್ಲಿ ನನ್ನಿಂದ ಆಗುವುದಿಲ್ಲ. ಮಿಂಟಿನಲ್ಲಿ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್‌ನಲ್ಲಿ ಎಂ17ಎನ್ ಅನ್ನುವ ಕೀಲಿಮಣೆಗಳ ಕಟ್ಟು ಸೇರಿಸಿದ ಮೇಲೆ ಕನ್ನಡದ ಕೆಳಗೆ ಕೆಜಿಪಿ ಅಂತ ಅದೇ ವಿನ್ಯಾಸ ಕಂಡಿತು. ಬೆರಳುಗಳಿಗೆ ಏನೂ ಗೊತ್ತಾಗಲಿಲ್ಲ. ಫಾಂಟುಗಳ ಕೊರತೆಯೂ ಮೊದಲಿನಷ್ಟಿಲ್ಲ. ಗುಬ್ಬಿ, ನವಿಲು ಇವೆ, ನೋಟೊ ಇದೆ, ಅನೇಕ್ ಇದೆ, ದಪ್ಪ ತಲೆಬರಹಕ್ಕೆ ಬಾಲೂ ತಮ್ಮ ಇದೆ. ಹುಬ್ಬಳ್ಳಿ ಅಂತಲೂ ಒಂದು ಫಾಂಟ್ ಇದೆ, ಬೆಣ್ಣೆ ಅಂತ ಇನ್ನೊಂದು. ಹುಬ್ಬಳ್ಳಿಗೆ ಸಿಕ್ಕ ಮರ್ಯಾದೆ ನಮ್ಮೂರಿಗೆ ಯಾವಾಗ ಸಿಗುತ್ತದೋ.

ಲಿನಕ್ಸ್ ಹಾಕಿ, ಸ್ವರ್ಗ ಸಿಗುತ್ತದೆ ಅನ್ನುವವರ ಮಾತು ಮಾತ್ರ ನಾನು ನಂಬುವುದಿಲ್ಲ. ನಮ್ಮ ಲೇಸರ್ ಪ್ರಿಂಟರಿಗೆ ಮಿಂಟ್ ಇನ್ನೂ ಒಲಿದಿಲ್ಲ. ಡ್ರೈವರ್ ಹಾಕಿದರೆ ಒಂದು ಪುಟ ಬರುತ್ತದೆ, ಎರಡನೇದಕ್ಕೆ ಮುನಿಸು. ಹುಡುಗ ಸಂಜೆಯವರೆಗೆ ಒದ್ದಾಡಿ ಬುಧವಾರ ಬರುತ್ತೇನೆ ಅಂತ ಹೋದ. ಪಕ್ಕದ ಅಂಗಡಿಯವರ ಬೇರೆ ಕಂಪನಿಯ ಪ್ರಿಂಟರ್ ತಂದು ಸಿಕ್ಕಿಸಿದರೆ ತಾನೇ ಗುರುತು ಹಿಡಿದು ಓಡಿತು. ಹಾಗಾಗಿ ಬದಲಾಯಿಸುವವರು ಮೊದಲು ಪ್ರಿಂಟರ್ ನೋಡಿಕೊಳ್ಳಿ, ಕಂಪ್ಯೂಟರ್ ಆಮೇಲೆ.

ಈಗ ಒಳಗಿನದು.

ತುಳಸಿ ಲಗ್ನ ಮುಗಿದಿದೆ, ಲಗ್ನಪತ್ರದ ಗಿರಾಕಿಗಳು ಶುರುವಾಗಿದ್ದಾರೆ. ಮುಂಜಾನೆ ಗುಳೇದಗುಡ್ಡದಿಂದ ಒಬ್ಬರು ಕಾಕಾ ಬಂದಿದ್ದರು. ಖಣ ನೇಯುವ ಮನೆತನ. "ನಮ್ಮ ದೊಡ್ಡ ಹುಡಗೀದು ಮಾಡಿಕೊಟ್ಟಿದ್ರಲ್ಲವಾ, ಅದರಂಗ ಇರ್ಲಿ. ಹೆಸರಷ್ಟ ಬದ್ಲಿ ಮಾಡು" ಅಂದರು. ದೊಡ್ಡ ಹುಡುಗಿಯ ಮದುವೆ 2012ರದು. "ಆತ್ರೀ ಕಾಕಾ" ಅಂತ ಒಳಗೆ ಹೋಗಿ ಪುಟ ಕಟ್ಟುವ ಹಳೇ ತಂತ್ರಾಂಶ ಪೇಜ್‌ಮೇಕರ್ ತೆರೆದರೆ ಫೈಲು ಅಲ್ಲೇ ಇತ್ತು. ಮೇಲೆ ಶ್ರೀ ಬನಶಂಕರಿ ಪ್ರಸನ್ನ, ಎರಡೂ ಬದಿಗೆ ಬಳ್ಳಿ, ಕೆಳಗೆ ಬೀಗರ ಯಾದಿ. ಅಜ್ಜನ ಹೆಸರಿನ ಹಿಂದೆ ಈಗ 'ದಿ.' ಸೇರಿಸಬೇಕು. "ನಮ್ಮ ಮಾವಶಿ ಲಗ್ನಕ್ಕ ಎಲ್ಲಾರೂ ಬರ್ರಿ" ಅನ್ನುವ ಸಾಲಿನ ಕೆಳಗೆ ಆ ದೊಡ್ಡ ಹುಡುಗಿಯ ಮಕ್ಕಳ ಹೆಸರು ಬರಬೇಕು. ಅರ್ಧ ತಾಸಿನ ಕೆಲಸ. ಹೊಸದಾಗಿ ಮಾಡಿದರೆ ಅರ್ಧ ದಿನ, ಮೇಲೆ "ಅದರಂಗ ಇಲ್ಲಲ್ಲವಾ" ಅನ್ನುವ ಮಾತು ಬೇರೆ.

ಪೇಜ್‌ಮೇಕರ್ ಹುಟ್ಟಿದ್ದು 1985ರಲ್ಲಿ, ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅಡೋಬಿಯವರು ಅದನ್ನು ಬಿಟ್ಟು ಇನ್‌ಡಿಸೈನ್ ಹಿಡಿದು ಎಷ್ಟೋ ಕಾಲವಾಯಿತು. ಆದರೂ ನಮ್ಮ ಕಡೆಯ ಪ್ರೆಸ್ಸುಗಳಲ್ಲಿ ಅದರ ಹೆಸರು ಇನ್ನೂ ಬಾಯಲ್ಲಿದೆ. ಅದಕ್ಕೆ ಯುನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪದ್ಧತಿ, ಗೊತ್ತಿಲ್ಲ. ಗಂಟು ಇರುವುದೇ ಇಲ್ಲಿ. ನುಡಿಯ ಹಳೇ ಆಸ್ಕಿ ಫಾಂಟಿನಲ್ಲಿ ನಾನು ಬರೆದ ಕನ್ನಡ ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳಿಗೂ ಯುರೋಪಿನ ಚಿಹ್ನೆಗಳಿಗೂ ಇದ್ದ ಸಂಖ್ಯೆಗಳಲ್ಲಿ ನಮ್ಮ ಅಕ್ಷರದ ತುಂಡುಗಳನ್ನು ಕೂರಿಸಿದ್ದಾರೆ. ಒತ್ತಿಗೆ ಒಂದು ಸಂಖ್ಯೆ, ದೀರ್ಘಕ್ಕೆ ಒಂದು, ಗುಣಿತಕ್ಕೆ ಒಂದು. ಆ ಫಾಂಟ್ ಇದ್ದಲ್ಲಿ ಲಗ್ನಪತ್ರ, ಇಲ್ಲದಲ್ಲಿ ಅರ್ಥವಿಲ್ಲದ ಗೀಚು. ಯುನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಅಂತಲೇ ಜಾಗ ಕೊಟ್ಟಿದ್ದರು. ಫಿನ್‌ಲೆಂಡಿನಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಹೊರಬಿಟ್ಟದ್ದೂ ಅದೇ ವರ್ಷ. ಎರಡೂ ಬಾಗಲಕೋಟೆಯ ಡಿಟಿಪಿ ಅಂಗಡಿಗೆ ಬರಲು ಇಷ್ಟು ದಿನ ಹಿಡಿಯಿತು.

ಹಾಗಾಗಿ ವಿಂಡೋಸ್ 7 ಮೇಲೆ ನನಗೇನೂ ಪ್ರೀತಿ ಇಲ್ಲ. ನಾನು ಇಟ್ಟುಕೊಂಡಿರುವುದು ಆ ಫೈಲುಗಳನ್ನು. ಆಲಮಟ್ಟಿಯ ಹಿನ್ನೀರು ಬಂದಾಗ ನಮ್ಮ ಜನ ಮನೆಯ ತೊಲೆ, ಬಾಗಿಲ ಚೌಕಟ್ಟು ಬಿಚ್ಚಿಕೊಂಡು ನವನಗರಕ್ಕೆ ಹೋದರು, ಗೋಡೆಯನ್ನು ಹೊತ್ತು ಹೋದವರಿಲ್ಲ. ನನ್ನ ತೊಲೆ, ಚೌಕಟ್ಟು ಇನ್ನೂ ಹಳೇ ಗೋಡೆಯೊಳಗೇ ಇವೆ. ಬಿಚ್ಚುವವರೆಗೆ ಗೋಡೆ ಕೆಡವಲು ಬರುವುದಿಲ್ಲ.

ಬಿಚ್ಚುವುದಕ್ಕೆ, ಅಂದರೆ ಹಳೇ ಅಕ್ಷರವನ್ನು ಯುನಿಕೋಡಿಗೆ ತರುವುದಕ್ಕೆ, ಪರಿವರ್ತಕಗಳಿವೆ, ನುಡಿಯಲ್ಲೂ ಇದೆ, ಬರಹ ಅನ್ನುವ ತಂತ್ರಾಂಶದಲ್ಲೂ ಇದೆ. ಕಾಕಾನ ಪತ್ರವನ್ನೇ ಹಾಕಿ ನೋಡಿದೆ. ಬಹುಪಾಲು ಸರಿಯಾಗಿ ಬಂತು. ತಪ್ಪುವುದು ಎರಡು ಕಡೆ. ಅರ್ಕಾವತ್ತು ಹಳೇ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಹಾಗೆ, ಅಕ್ಷರ ಆದ ಮೇಲೆ ಕೂರುತ್ತದೆ. ಯುನಿಕೋಡಿನಲ್ಲಿ ಉಚ್ಚಾರದ ಹಾಗೆ ರಕಾರ ಮೊದಲು ಬರಬೇಕು. ಜಾಗ ಬದಲಾಯಿಸುವಾಗ ಎಲ್ಲೋ ಒಂದು ಕಡೆ ಎಡವುತ್ತದೆ. ಲಗ್ನಪತ್ರದಲ್ಲಿ ಮುಹೂರ್ತ ಅನ್ನುವ ಪದ ಇರದೆ ಇರುತ್ತದೆಯೇ? ಅದನ್ನೇ ಮೊದಲು ನೋಡಬೇಕು. ಎರಡನೇದು ಇಂಗ್ಲಿಷ್. ಅಳಿಯನ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ಬರೆದ ಬಿ.ಇ. ಪರಿವರ್ತಕದ ಕಣ್ಣಿಗೆ ಅದೂ ಕನ್ನಡವೇ, ಹಿಡಿದು ಯಾವುದೋ ಅಕ್ಷರ ಮಾಡಿಬಿಡುತ್ತದೆ. ಇಂಜಿನಿಯರ್ ಅಳಿಯನ ಡಿಗ್ರಿ ಹೋದರೆ ಬೀಗರು ಸುಮ್ಮನಿರುತ್ತಾರೆಯೇ.

ಅಕ್ಷರ ಬಂದರೂ ಪುಟ ಬರುವುದಿಲ್ಲ. ಬಳ್ಳಿ, ಅಂಚು, ಸಾಲಿನ ಅಂತರ ಎಲ್ಲ ಹೊಸದಾಗಿ ಕೂರಿಸಬೇಕು. ಪುಟ ಕಟ್ಟುವ ತಂತ್ರಾಂಶ ಸ್ಕ್ರೈಬಸ್ 1.6ರಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತವೆ, ಅದರ ಹಳೇ 1.4ರಲ್ಲಿ ಕೂರುತ್ತಿರಲಿಲ್ಲ. ಒಂದೇ ಪುಟದ ಪತ್ರಕ್ಕೆ ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್ ನನಗೆ ಹೆಚ್ಚು ಹಿಡಿಸಿತು. ಪ್ರೆಸ್ಸಿನವರಿಗೆ ಬೇಕಾದದ್ದು ಪಿಡಿಎಫ್. ಅದು ವಿಂಡೋಸಿನಿಂದ ಬಂತೋ ಮಿಂಟಿನಿಂದ ಬಂತೋ ಅವರು ಕೇಳುವುದಿಲ್ಲ.

ಇನ್ನು ಭದ್ರತೆ. ವಿಂಡೋಸ್ 7ಕ್ಕೆ ಅಪ್‌ಡೇಟು 2020ರ ಜನವರಿ 14ಕ್ಕೇ ನಿಂತಿದೆ. ಕ್ರೋಮ್ ಕೂಡ 2023ರ ಫೆಬ್ರುವರಿಯಲ್ಲಿ 110ನೇ ಆವೃತ್ತಿಯಿಂದ ಅದನ್ನು ಕೈಬಿಟ್ಟಿತು. ಒಳಗಿನದಕ್ಕೆ ಇಂಟರ್ನೆಟ್ ವೈರ್ ಇಲ್ಲ. "ನೆಟ್ ಇಲ್ಲಂದ್ರ ವೈರಸ್ ಎಲ್ಲಿಂದ ಬರ್ತದ್ರೀ" ಅನ್ನುವವರು ಬಹಳ. ಪೆನ್‌ಡ್ರೈವಿನಿಂದ ಬರುತ್ತದೆ! 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಇರಾನಿನ ನಟಾಂಜ್ ಅಣು ಘಟಕದ ಯಂತ್ರಗಳನ್ನು ಕೆಡಿಸಿತು, ಆ ಯಂತ್ರಗಳಿಗೂ ಹೊರಗಿನ ಇಂಟರ್ನೆಟ್ ಇರಲಿಲ್ಲ. ನಮ್ಮಲ್ಲಿಗೆ ಅಂಥ ದೊಡ್ಡದು ಯಾಕೆ ಬಂದೀತು, ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿಬಿಡುವ ಓಣಿಯ ವೈರಸ್ಸೇ ಸಾಕು. ಕಬ್ಬಿನ ಬೆಲೆಯ ಕರಪತ್ರ ಮಾಡಿಸಲು ಬರುವ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪೆನ್‌ಡ್ರೈವ್, ಅದು ಊರೆಲ್ಲ ತಿರುಗಿ ಬಂದಿರುತ್ತದೆ.

ಮಿಂಟ್ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಇಲ್ಲಿ. ಇನ್ನು ಮೇಲೆ ಗಿರಾಕಿಯ ಪೆನ್‌ಡ್ರೈವ್ ಮುಂದಿನ ಕಂಪ್ಯೂಟರಿಗೇ. ವಿಂಡೋಸಿಗೆ ಅಂತ ಬರೆದ ಆ ವೈರಸ್ಸು ಅಲ್ಲಿ ತಾನೇ ಏಳುವುದಿಲ್ಲ, ಸುಮ್ಮನೆ ಫೈಲಾಗಿ ಬಿದ್ದಿರುತ್ತದೆ, ಅಡಗಿಸಿಟ್ಟದ್ದೂ ಕಾಣುತ್ತದೆ. ಬೇಕಾದ ಫೋಟೋ, ಬೇಕಾದ ಬರಹ ಅಷ್ಟನ್ನೇ ನಮ್ಮದೇ ಬೇರೆ ಪೆನ್‌ಡ್ರೈವಿಗೆ ಹಾಕಿಕೊಂಡು ಒಳಗೆ ಹೋಗಬೇಕು. ಹುಡುಗಿಗೆ ಇದನ್ನು ಹೇಳಿದರೆ, "ಅಕ್ಕಾರ, ಗಿರಾಕಿ ಅರ್ಜೆಂಟ್ ಅಂತಾರ" ಅಂದಳು. ಅನ್ನಲಿ.

ಒಳಗಿನ ಯಂತ್ರವೂ ಶಾಶ್ವತವಲ್ಲ, ಅದರ ಡಿಸ್ಕು ಆಗಾಗ ಸದ್ದು ಮಾಡುತ್ತದೆ. ಇಡೀ ಡಿಸ್ಕಿನ ನಕಲು ತೆಗೆದು ಮಿಂಟಿನೊಳಗೇ, ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸುವ ವರ್ಚುವಲ್‌ಬಾಕ್ಸಿನಲ್ಲಿ, ಆ ವಿಂಡೋಸ್ 7 ಓಡಿಸಬಹುದು ಅಂತ ಹುಡುಗ ಹೇಳುತ್ತಾನೆ. ಮುಂದಿನದರಲ್ಲಿರುವ 4 ಜಿಬಿ ರ‍್ಯಾಮಿಗೆ ಅದು ಭಾರ. ರ‍್ಯಾಮ್ ಹೆಚ್ಚಿಸಿದ ಮೇಲೆ ಆ ಮಾತು. ನಕಲು ಮಾತ್ರ ಈ ವಾರವೇ ತೆಗೆಯಬೇಕು.

ಅಲ್ಲಿಯವರೆಗೆ ಒಂದು ಕಟ್ಟು ಹಾಕಿಕೊಂಡಿದ್ದೇನೆ. ಹೊಸ ಕೆಲಸವೆಲ್ಲ ಮುಂದಿನದರಲ್ಲಿ, ಯುನಿಕೋಡಿನಲ್ಲಿ. ಹಳೇ ಪತ್ರ ಕೇಳಿಕೊಂಡು ಯಾರಾದರೂ ಬಂದರೆ ಮಾತ್ರ ಒಳಗೆ ಹೋಗುವುದು, ಬಂದ ಆ ಪತ್ರವನ್ನು ಆಗಲೇ ಪರಿವರ್ತಿಸಿ ಹೊರಗೆ ತರುವುದು. ಎಲ್ಲವನ್ನೂ ಒಮ್ಮೆಗೇ ಹೊರುವ ಹುಚ್ಚು ಬೇಡ, ಯಾರೂ ಕೇಳದ ಪತ್ರಗಳು ಅಲ್ಲೇ ಇರಲಿ. ಕಾಕಾ ಮಂಗಳವಾರ ಪ್ರೂಫ್ ನೋಡಲು ಬರುತ್ತಾರೆ. ಅವರದನ್ನು ಇಂಕ್‌ಸ್ಕೇಪಿನಲ್ಲಿ ಎಬ್ಬಿಸಿದ್ದೇನೆ, ಬಳ್ಳಿ ಕೂತಿದೆ, ಬೀಗರ ಯಾದಿ ಅರ್ಧ ಆಗಿದೆ. ಪ್ರಿಂಟರ್ ಒಲಿಯದಿದ್ದರೆ ಪಿಡಿಎಫ್ ಒಯ್ದು ಒಳಗಿನದರಿಂದಲೇ ತೆಗೆಯುವುದು.