ಸಂಜಯನಿಗೂ ಒಂದು ದಿನ ಕಣ್ಣು ಹೋಯಿತು

ಡೊಂಬಿವಲಿಯಿಂದ ದಾದರ್‌ಗೆ ಬೆಳಗಿನ ಲೋಕಲ್‌ನಲ್ಲಿ ಪುಸ್ತಕ ಬಿಚ್ಚುವಷ್ಟು ಜಾಗ ಸಿಗುವುದಿಲ್ಲ. ಹಾಗಾಗಿ ನಾನು ಬೇರೆಯವರ ಫೋನ್ ಮಾತು ಕೇಳುತ್ತೇನೆ. ಕೆಟ್ಟ ಚಾಳಿ, ಗೊತ್ತು. ಮೊನ್ನೆ ಪಕ್ಕದಲ್ಲಿ ನಿಂತಿದ್ದವರು ಕನ್ನಡದಲ್ಲಿ "ಅಪ್ಪಂಗೆ ಈಗ್ಲೇ ಹೇಳ್ಬೇಡ, ಊಟ ಆಗ್ಲಿ" ಅಂದರು. ಅಷ್ಟೇ. ಠಾಣೆಯಲ್ಲಿ ಇಳಿದು ಹೋದರು. ದಾದರ್ ತನಕ ನನ್ನ ತಲೆಯಲ್ಲಿ ಅದೇ.

ರಾತ್ರಿ ನಾನೇ ಬರೆದಿದ್ದ ಕತೆ ತೆಗೆದರೆ ನಾಚಿಕೆ ಆಯಿತು. ಮಾಟುಂಗಾದ ಉಡುಪಿ ಹೋಟೆಲೊಂದರ ಕತೆ. ಗಲ್ಲಾದಲ್ಲಿ ಕೂತವನಿಗೆ ಸಿಟ್ಟು ಯಾಕೆ, ಸಪ್ಲಾಯರ್ ಹುಡುಗ ಮನಸ್ಸಲ್ಲಿ ಏನಂದುಕೊಂಡ, ಮಾಲೀಕರ ಸಾಲ ಎಷ್ಟು, ಮೂಲೆ ಟೇಬಲ್ಲಿನ ಗಿರಾಕಿಯ ಮದುವೆ ಹೇಗೆ ಮುರಿಯಿತು, ಎಲ್ಲ ಹೇಳಿಬಿಟ್ಟಿದ್ದೆ. ಅಕ್ಕ ಓದಿ, "ಎಲ್ಲ ನಿಂಗೇ ಗೊತ್ತಿದ್ರೆ ನಾನ್ಯಾಕೆ ಓದ್ಬೇಕು ಮಾರಾಯ?" ಅಂದಿದ್ದಳು.

ಎಲ್ಲ ಗೊತ್ತಿರುವ ನಿರೂಪಕ ತಪ್ಪು ಅಂತಲ್ಲ. 'ಮಲೆಗಳಲ್ಲಿ ಮದುಮಗಳು' ಓದುವಾಗ ಕುವೆಂಪು ಗುತ್ತಿಯ ನಾಯಿ ಹುಲಿಯನ ಮನಸ್ಸಿಗೂ ಇಳಿಯುತ್ತಾರೆ, ನಾವು ಸುಮ್ನೆ ಹಿಂದೆ ಹೋಗುತ್ತೇವೆ. ಆದರೆ ನನಗೆ ಜಾಸ್ತಿ ಕಾಡುವವನು ಸಂಜಯ. ವ್ಯಾಸರು ದಿವ್ಯದೃಷ್ಟಿ ಕೊಡ್ತೀನಿ ಅಂದಿದ್ದು ಮೊದಲು ಧೃತರಾಷ್ಟ್ರನಿಗೇ. ನನ್ನವರು ಸಾಯೋದನ್ನ ನೋಡಲಾರೆ, ಕೇಳಿದರೆ ಸಾಕು ಅಂದ ಅವನು. ಆಗ ಅದು ಸಂಜಯನಿಗೆ ಬಂತು. ಹಗಲು ರಾತ್ರಿ ನಡೆದದ್ದು, ಯಾರ ಮನಸ್ಸಲ್ಲಿ ಏನಿದೆ ಅನ್ನೋದು, ಎಲ್ಲ ಗೊತ್ತಾಗುತ್ತದೆ. ಆದರೆ ಹೇಳಬೇಕಾದ್ದು ಯಾರಿಗೆ? ಒಬ್ಬ ಅಪ್ಪನಿಗೆ. ನಿನ್ನ ಇಂಥ ಮಗ ಬಿದ್ದ, ಈಗ ಇನ್ನೊಬ್ಬ ಬಿದ್ದ ಅಂತ ಎದುರಿಗೆ ಕೂತು ಹೇಳಬೇಕು. ಕೊನೆಗೆ ದುರ್ಯೋಧನ ಸತ್ತ ಮೇಲೆ ಆ ದೃಷ್ಟಿಯೂ ಹೋಯಿತು. ನನ್ನ ಹೋಟೆಲ್ ಕತೆಯ ನಿರೂಪಕನ ಎದುರಿಗೆ ಯಾರೂ ಇರಲಿಲ್ಲ. ಬರೀ ಗೊತ್ತಿತ್ತು, ಅಷ್ಟೇ.

ಎಲ್ಲ ಕೈಲಾಗುವ ಪಾತ್ರದ್ದೂ ಇದೇ ಪಾಡು. ಅಕ್ಕನ ಮಗ ಒಂದು ಕಾರ್ಟೂನ್ ನೋಡುತ್ತಾ "ಮಾಮಾ, ಇವ್ನು ಸೋಲೋದೇ ಇಲ್ಲ ಅಂದ್ರೆ ವಿಲನ್ ಯಾಕೆ ಬರ್ತಾನೆ?" ಅಂದ. ಸೂಪರ್‌ಮ್ಯಾನ್ ಬಂದಿದ್ದು 1938ರಲ್ಲಿ. 1943ರ ಹೊತ್ತಿಗೆ ರೇಡಿಯೊ ಧಾರಾವಾಹಿಯಲ್ಲಿ ಅವನ ಶಕ್ತಿ ಕುಗ್ಗಿಸೋಕೆ ಕ್ರಿಪ್ಟೊನೈಟ್ ಅನ್ನೋ ಕಲ್ಲು ಹುಡುಕಿ ಇಟ್ಟರು. ನಮ್ಮವರು ಕಲ್ಲಿನ ಗೋಜಿಗೇ ಹೋಗಲಿಲ್ಲ, ಕೃಷ್ಣನ ಬಾಯಿಂದಲೇ ಆಯುಧ ಹಿಡಿಯಲ್ಲ ಅನ್ನಿಸಿ ಕೈಗೆ ಕುದುರೆ ಲಗಾಮು ಕೊಟ್ಟರು. ಮನಸ್ಸು ಮಾಡಿದರೆ ಒಬ್ಬನೇ ಯುದ್ಧ ಮುಗಿಸಬಲ್ಲವನು! ಅದಕ್ಕೇ ಅವನು ಭೀಷ್ಮರ ಮೇಲೆ ಸಿಟ್ಟಾಗಿ ಚಕ್ರ ಹಿಡಿದು ರಥದಿಂದ ಧುಮುಕಿದಾಗ ಎದೆ ಝಲ್ಲೆನ್ನುತ್ತದೆ. ಅರ್ಜುನ ಓಡಿ ಬಂದು ಕಾಲು ಹಿಡಿದು ಹತ್ತನೇ ಹೆಜ್ಜೆಗೆ ನಿಲ್ಲಿಸುತ್ತಾನೆ. ಆ ಹತ್ತು ಹೆಜ್ಜೆಗೋಸ್ಕರ ಅಷ್ಟು ದಿನ ಅವನ ಕೈ ಕಟ್ಟಿಟ್ಟದ್ದು ಅನಿಸುತ್ತದೆ, ಅಲ್ವಾ?

ಕತೆ ತಿದ್ದಿದೆ. ಗಿರಾಕಿಯ ಮದುವೆ ಹೋಯಿತು, ಸಾಲದ ಲೆಕ್ಕವೂ ಹೋಯಿತು. ಮಾಲೀಕರ ಬೆರಳಲ್ಲಿ ಉಂಗುರ ಇಲ್ಲ, ಉಂಗುರ ಇದ್ದ ಜಾಗ ಬೆಳ್ಳಗಿದೆ, ಅದನ್ನು ಸಪ್ಲಾಯರ್ ಹುಡುಗ ಬಿಲ್ಲು ಕೊಡುವಾಗ ನೋಡುತ್ತಾನೆ. ಅಷ್ಟೇ ಉಳಿಸಿದ್ದು.

ನಿನ್ನೆ ಅಕ್ಕನ ಫೋನು. "ಉಂಗುರ ಅಡ ಇಟ್ರಾ, ಮಾರಿದ್ರಾ?"

ಗೊತ್ತಿಲ್ಲ ಅಂದೆ. ಗೊತ್ತಿದೆ, ಆದ್ರೆ ಹೇಳಲ್ಲ.