ಗುರುಗುಟ್ಟುವುದನ್ನು ಬಿಟ್ಟ ನಾಯಿ

ಕಾಸರಗೋಡಿನ ಗಡಿಗ್ರಾಮಗಳಲ್ಲಿ ಪಶುವೈದ್ಯನಾಗಿರುವ ನನಗೆ, ದನಗಳ ಕೆಚ್ಚಲುಬಾವಿನಷ್ಟೇ ಪದೇ ಪದೇ ಎದುರಾಗುವ ದೂರೆಂದರೆ ಮನೆಗೆ ಬಂದವರ ಕಾಲಿಗೆ ಬಾಯಿ ಹಾಕುವ ನಾಯಿಯದು. ಪೆರ್ಲದ ಕಡೆಯ ಒಂದು ತೋಟದ ಮನೆಯಲ್ಲಿ ನಾನು ಕೊಟ್ಟ ತಪ್ಪು ಸಲಹೆಯಿಂದಾಗಿ ಈ ವಿಷಯದಲ್ಲಿ ನನ್ನ ಕ್ರಮ ಬದಲಾಯಿತು.

ಆ ಮನೆಯಲ್ಲಿ ಸಾಕಿದ್ದು ನಾಲ್ಕು ವರ್ಷದ ಊರ ತಳಿಯ ನಾಯಿ. ಯಾರಾದರೂ ಅಂಗಳಕ್ಕೆ ಬಂದರೆ ಗುರುಗುಟ್ಟುತ್ತಿತ್ತು. ಅವರು ಜಗಲಿಯಲ್ಲಿ ಕುಳಿತು ಮಾತನಾಡುವಷ್ಟು ಹೊತ್ತು ಸುಮ್ಮನಿದ್ದು, ಎದ್ದು ಬೆನ್ನು ತಿರುಗಿಸಿದೊಡನೆ ಹಿಂದಿನಿಂದ ಬಂದು ಮೀನಖಂಡವನ್ನು ಚಿವುಟಿದಂತೆ ಕಚ್ಚಿ ಓಡುತ್ತಿತ್ತು. ಜಗಲಿಯ ಕಂಬಕ್ಕೆ ಚೈನು ಹಾಕಿ ಕಟ್ಟಿರಿ, ಗುರುಗುಟ್ಟಿದರೆ ಗದರಿಸಿರಿ ಎಂದು ನಾನು ಹೇಳಿದೆ. ತಿಂಗಳೊಳಗೆ ಅದು ಅಡಿಕೆ ಸುಲಿಯಲು ಬಂದ ಹೆಂಗಸೊಬ್ಬರನ್ನು ಸದ್ದಿಲ್ಲದೆ ಕಚ್ಚಿತು. "ಗುರುಗುಟ್ಟುವುದನ್ನು ಬಿಟ್ಟಿತ್ತು ಡಾಕ್ಟ್ರೇ, ಸರಿಯಾಯಿತು ಅಂತ ನಾವು ಎಣಿಸಿದ್ದೆವು" ಎಂದು ಮನೆಯ ಅಮ್ಮ ಹೇಳಿದಾಗ ನನಗೆ ನಾಚಿಕೆಯಾಯಿತು. ಬೆನ್ನು ತಿರುಗಿದಾಗ ಮಾತ್ರ ಕಚ್ಚುವ ನಾಯಿ ಹೆಚ್ಚಾಗಿ ಹೆದರಿದ ನಾಯಿಯೇ ಆಗಿರುತ್ತದೆ. ಗುರುಗುಟ್ಟುವುದು ಅದು ಕೊಡುವ ಮುನ್ಸೂಚನೆ. ಗದರಿಕೆಯಿಂದ ಆ ಸೂಚನೆ ನಿಂತಿತೇ ಹೊರತು ಹೆದರಿಕೆ ಹೋಗಲಿಲ್ಲ. ಮೇಲಾಗಿ, ಬಂದವರು ಓಡಾಡುವ ದಾರಿಯಲ್ಲೇ ಕಟ್ಟಿಸಿ, ದೂರ ಸರಿಯುವ ದಾರಿಯನ್ನೂ ನಾನು ಅದಕ್ಕೆ ಇಲ್ಲವಾಗಿಸಿದ್ದೆ.

ಗಾಯ ಬರಿಯ ತರಚಿದಂತಿತ್ತು. ಅಷ್ಟಕ್ಕೇ ಅರಸಿನ ಹಚ್ಚಿ ಮುಗಿಸಿದ್ದರು. ನಲ್ಲಿಯ ಕೆಳಗೆ ಸಾಬೂನು ಹಾಕಿ 15 ನಿಮಿಷ ತೊಳೆಸಿ, ಆಸ್ಪತ್ರೆಗೆ ಕಳುಹಿಸಿದೆ. ಅಲ್ಲಿ ರೇಬೀಸ್ (ಹುಚ್ಚುನಾಯಿ ರೋಗ) ತಡೆಯಲು, ಮೊದಲ ದಿನವನ್ನು 0 ಎಂದು ಎಣಿಸಿ, 0, 3, 7 ಮತ್ತು 28ನೆಯ ದಿನಗಳಲ್ಲಿ ಚುಚ್ಚುಮದ್ದು ನೀಡಿದರು. ನಾಯಿಗೆ ಲಸಿಕೆಯಾಗಿದೆ ಎಂದು ಮನೆಯವರು ಧೈರ್ಯದಿಂದ ಹೇಳಿದರಾದರೂ, ಕಾರ್ಡು ನೋಡಿದರೆ ವರ್ಷದ ಅವಧಿ ಮೀರಿತ್ತು. ಕೇರಳದಲ್ಲಿ 1998ರ ಪಂಚಾಯತು ನಿಯಮಗಳ ಪ್ರಕಾರ ನಾಯಿ ಸಾಕಲು ಲೈಸೆನ್ಸ್ ಬೇಕೆಂಬುದೂ ಅವರಿಗೆ ಅಂದೇ ತಿಳಿದದ್ದು. ಕಾರ್ಡು ಸರಿಯಿದ್ದರೂ ಕಚ್ಚಿಸಿಕೊಂಡವರು ಚಿಕಿತ್ಸೆ ಬಿಡಬಾರದು. ರೋಗದ ಲಕ್ಷಣ ಕಾಣುತ್ತದೆಯೇ ಎಂದು ನಾಯಿಯನ್ನು 10 ದಿನ ಕಟ್ಟಿಹಾಕಿ ಗಮನಿಸಬೇಕು.

ಆ ಹತ್ತು ದಿನ ಕಳೆದ ಮೇಲೆ ಕಿವಿ, ಹಲ್ಲು, ಸೊಂಟ ಪರೀಕ್ಷಿಸಿದೆ. ನೋವಿರುವ ನಾಯಿಯೂ ಕಚ್ಚುತ್ತದೆ. ಇದಕ್ಕೆ ನೋವಿರಲಿಲ್ಲ. ಕಟ್ಟುವ ಜಾಗವನ್ನು ಹಿತ್ತಿಲಿನ ಸೌದೆ ಕೊಟ್ಟಿಗೆಗೆ ಬದಲಿಸಿ, ತಡಮೆಯ (ಬೇಲಿ ದಾಟುವ ದಾರಿಯ) ಬಳಿ ಗಂಟೆಯೊಂದನ್ನು ತೂಗುಹಾಕಿಸಿದೆ. ಗಂಟೆ ಕೇಳಿದರೆ ಮೊದಲು ನಾಯಿಯನ್ನು ಒಯ್ದು ಕಟ್ಟುವುದು, ಆಮೇಲೆ ಬಂದವರನ್ನು ಕರೆಯುವುದು. ಅವರು ತೋಟ ದಾಟಿ ಹೋಗುವವರೆಗೆ ಬಿಚ್ಚುವಂತಿಲ್ಲ. ಇದರ ಜೊತೆಗೆ ದಿನಕ್ಕೊಮ್ಮೆ, ನೆರೆಮನೆಯ ಹುಡುಗನೊಬ್ಬ ನಾಯಿ ಗುರುಗುಟ್ಟದಷ್ಟು ದೂರದಲ್ಲಿ, ಅಂದರೆ ಸುಮಾರು ಇಪ್ಪತ್ತು ಹೆಜ್ಜೆಯಾಚೆ, ಅದನ್ನು ದಿಟ್ಟಿಸಿ ನೋಡದೆ ಪಕ್ಕಕ್ಕೆ ತಿರುಗಿ ನಿಲ್ಲುತ್ತಿದ್ದ. ಹಗ್ಗ ಹಿಡಿದ ಅಮ್ಮ ಆಗ ಬೇಯಿಸಿದ ಮೊಟ್ಟೆಯ ಚೂರುಗಳನ್ನು ಅದರ ಮುಂದೆ ಹಾಕುತ್ತಿದ್ದರು. ಬಂದವರ ಕೈಯಿಂದಲೇ ತಿನಿಸು ಕೊಡಿಸುವುದನ್ನು ನಾನು ಒಪ್ಪುವುದಿಲ್ಲ. ಆಸೆಗೆ ಹತ್ತಿರ ಬಂದ ನಾಯಿ, ತಿಂದು ಮುಗಿದೊಡನೆ ಅಪರಿಚಿತರ ಕೈ ಇಷ್ಟು ಸಮೀಪದಲ್ಲಿದೆಯೆಂದು ಬೆಚ್ಚಿ ಅದಕ್ಕೇ ಬಾಯಿ ಹಾಕಬಹುದು. ಆ ಮನೆಯಲ್ಲಿ ಒಬ್ಬರು ಕನ್ನಡದಲ್ಲಿ, ಕೆಲಸದವರು ತುಳುವಿನಲ್ಲಿ, ಮತ್ತೊಬ್ಬರು ಮಲಯಾಳದಲ್ಲಿ ಗದರುತ್ತಿದ್ದುದರಿಂದ ನಾಯಿಗೆ ಯಾವುದೂ ಅರ್ಥವಾಗುತ್ತಿರಲಿಲ್ಲ. "ಬಾ" ಎಂದು ನಾಯಿಯನ್ನು ಕರೆಯುವ ಒಂದೇ ಮಾತನ್ನು ಎಲ್ಲರಿಗೂ ಗೊತ್ತುಮಾಡಿದೆವು.

ನಾಲ್ಕು ತಿಂಗಳಲ್ಲಿ ಇಪ್ಪತ್ತು ಹೆಜ್ಜೆ ಐದಕ್ಕಿಳಿಯಿತು, ಅದಕ್ಕಿಂತ ಕಡಿಮೆಯಾಗಲಿಲ್ಲ. ಅಡಿಕೆ ಕೊಯ್ಲಿಗೆ ಗುಂಪು ಬಂದಾಗ, ಪೂಜೆಯ ದಿನಗಳಲ್ಲಿ ಅದು ಈಗಲೂ ಹಿತ್ತಿಲಿನಲ್ಲೇ ಇರುತ್ತದೆ. ಮೊದಲೆಲ್ಲ "ಅದು ಎಂತದೂ ಮಾಡುವುದಿಲ್ಲ, ಬನ್ನಿ" ಎನ್ನುತ್ತಿದ್ದ ಅಮ್ಮ, ಕಳೆದ ವಾರ ನಾನು ದನ ನೋಡಲು ಹೋದಾಗ, "ಅಲ್ಲೇ ನಿಲ್ಲಿ ಡಾಕ್ಟ್ರೇ, ನಾಯಿಯನ್ನು ಕಟ್ಟಿ ಬರುತ್ತೇನೆ" ಎಂದು ಕೂಗಿದರು.